ಬಲಗೈಗೆ ಎಣ್ಣೆ, ಎಡಗೈಗೆ ಕಸ್ತೂರಿ

ನಮ್ಮತ್ತೆಗೆ ಹೂವು ಅಂದರೆ ನಿಜ, ಲ್ಯಾಬು ಅಂದರೆ ಸುಳ್ಳು. ಮಧ್ಯದಲ್ಲಿ ಇನ್ನೇನೂ ಇಲ್ಲ. ಹೂವು, ಬೇರು, ಹಣ್ಣಿನ ಸಿಪ್ಪೆ, ಇಂಥದ್ದರಿಂದ ತೆಗೆದ ಎಣ್ಣೆಯಾದರೆ ಸೀಸೆಯನ್ನ ಕಣ್ಣಿಗೊತ್ತಿಕೊಳ್ಳೋದೊಂದು ಬಾಕಿ. ಕಾರ್ಖಾನೆಯಲ್ಲಿ ತಯಾರಾದದ್ದಾದರೆ, "ಅದನ್ನ ಬಚ್ಚಲಿಗೆ ಸುರಿ, ಬಚ್ಚಲಾದ್ರೂ ಘಮ್ ಅನ್ಲಿ" ಅನ್ನೋರು. ನಾನು ಈ ಮನೆಗೆ ಸೊಸೆಯಾಗಿ ಬರೋ ಮೊದಲು ಒಂದು ಕಂಪನಿಯಲ್ಲಿ ಸೆಂಟು ಬೆರೆಸೋ ಕೆಲಸ ಮಾಡಿದವಳು. ಅಲ್ಲಿ ಎರಡನ್ನೂ ಹಾಕ್ತಿದ್ವಿ, ಯಾರ ಮೂಗೂ ಉದುರಿ ಬೀಳಲಿಲ್ಲ. ಇಲ್ಲಿ ಒಂದೇ ಮೇಜು. ಆ ಕಡೆ ಅವರು, ಈ ಕಡೆ ನಾನು, ಮಧ್ಯೆ ತಕ್ಕಡಿ. ಜಗಳಕ್ಕೆ ಇನ್ನೇನು ಬೇಕು ಹೇಳಿ.

ಕೆಳಗೆ ಬೀದಿಗೆ ಅಂಗಡಿ, ಅದರ ಹಿಂದೆ ಬೆರೆಸುವ ಕೋಣೆ, ಮೇಲೆ ನಮ್ಮ ಮನೆ, ಅದರ ಮೇಲೆ ತಾರಸಿ. ಅಂಗಡಿ ನೋಡಿಕೊಳ್ಳೋದು ನನ್ನ ಗಂಡ. ಅಮ್ಮನಿಗೂ ಹೂಂ, ಹೆಂಡತಿಗೂ ಹೂಂ, ಗಿರಾಕಿಗೂ ಹೂಂ. ಅವರನ್ನ ನಾನು ಬೆಣ್ಣೆ ಅಂತಲೇ ಕರೆಯೋದು. ಯಾವ ಕಡೆ ಬಿಸಿಯಾದರೆ ಆ ಕಡೆ ಕರಗ್ತಾರೆ. ಇನ್ನು ನಮ್ಮ ಮಗಳು ಗುಬ್ಬಿ. ಕಾಲೇಜಿಗೆ ಹೋಗ್ತಾಳೆ, ಓಟದ ಪಂದ್ಯಕ್ಕೆ ಓಡ್ತಾಳೆ, ಉಳಿದ ಹೊತ್ತೆಲ್ಲ ಅಜ್ಜಿಯ ಬೆನ್ನಿಗೆ ಅಂಟಿಕೊಂಡಿರ್ತಾಳೆ. ಅವಳ ಮೂಗು ನಮ್ಮಿಬ್ಬರದ್ದಕ್ಕಿಂತ ಚುರುಕು. ಮುಂದೆ ಈ ಮೇಜು ಅವಳದ್ದೇ ಅನ್ನೋದರಲ್ಲಿ ಮಾತ್ರ ಮನೆಯಲ್ಲಿ ಯಾರಿಗೂ ತಕರಾರಿರಲಿಲ್ಲ.

ಇನ್ನೊಂದು ವಿಷಯದಲ್ಲೂ ಅತ್ತೆ ಹೇಳೋದನ್ನ ನಾನು ಒಪ್ಪುತ್ತಿದ್ದೆ. ಅದು ಮಲ್ಲಿಗೆ ಎಣ್ಣೆ. ಅಸಲಿ ಯಾವುದು, ಲ್ಯಾಬಿನದು ಯಾವುದು ಅಂತ ಗುರುತಿಸೋದನ್ನ ಅವರು ಗುಬ್ಬಿಗೆ ಸಣ್ಣವಳಿದ್ದಾಗಲೇ ಕಲಿಸಿದ್ದರು. "ಬರೀ ಸಿಹಿ ಬಂದ್ರೆ ನಂಬಬೇಡ. ಸಿಹಿ ಕೆಳಗೆ ಹುಡುಕು. ಅಲ್ಲೊಂದು ಕೊಳೆತ ವಾಸನೆ ಇರತ್ತೆ, ಗೋಡೆ ಸಂದೀಲಿ ಇಲಿ ಸತ್ತ ಹಾಗೆ. ಅದು ಸಿಕ್ತು ಅಂದ್ರೆ ಗಿಡದ್ದು. ಲ್ಯಾಬಿನೋರಿಗೆ ಅದನ್ನ ಹಾಕೋ ಧೈರ್ಯ ಇಲ್ಲ, ಹಾಕಿದ್ರೂ ಅಳತೆ ಗೊತ್ತಿಲ್ಲ." ನಿಜ ಅದು. ಅಸಲಿ ಮಲ್ಲಿಗೆಯ ಅಡಿಯಲ್ಲಿ ಒಂಚೂರು ಕೊಳೆ ಇದ್ದೇ ಇರತ್ತೆ. ನನ್ನ ಮೂಗೂ ಅದನ್ನೇ ಮೊದಲು ಹುಡುಕತ್ತೆ.

ಆ ಬೇಸಿಗೆಯಲ್ಲಿ ನಾವು ಹೊಸದೊಂದು ಸೆಂಟು ಮಾಡಿದ್ವಿ. ಅಲ್ಲಿವರೆಗೆ ನಮ್ಮಲ್ಲಿ ಆಗ್ತಿದ್ದದ್ದೆಲ್ಲ ಬಟ್ಟೆಗೆ, ಕರ್ಚೀಫಿಗೆ ಹಾಕಿಕೊಳ್ಳೋ ಸೆಂಟು. ಇದು ಮೈಗೇ ಹಚ್ಚಿಕೊಳ್ಳೋ ಎಣ್ಣೆ. ಮೇಲಿನ ಪರಿಮಳ ಅತ್ತೆಯದ್ದು, ಬರ್ಗಮಾಟ್. ಅದೊಂದು ನಿಂಬೆ ಜಾತಿಯ ಕಹಿ ಹಣ್ಣು. ತಿನ್ನೋಕೆ ಬರಲ್ಲ, ಸಿಪ್ಪೆ ಹಿಂಡಿದರೆ ಬರೋ ಎಣ್ಣೆ ಮಾತ್ರ ಬೆಳಗಿನ ಗಾಳಿ ಹಾಗಿರತ್ತೆ. ಅಡಿಯಲ್ಲಿ ನಿಲ್ಲೋ ಪರಿಮಳ ನನ್ನದು, ಲ್ಯಾಬಿನ ಕಸ್ತೂರಿ. ಅದಿಲ್ಲದಿದ್ದರೆ ಅವರ ಹಣ್ಣು ಬಾಗಿಲು ದಾಟೋ ಮೊದಲೇ ಹಾರಿಹೋಗತ್ತೆ. ಮೂಗು ಮುರಿದುಕೊಂಡೇ ಒಪ್ಪಿದ್ದರು.

ಹಸಿ ಬರ್ಗಮಾಟ್ ಎಣ್ಣೆಯಲ್ಲಿ ಒಂದು ಅಂಶ ಇದೆ. ಚರ್ಮಕ್ಕೆ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಸುಡತ್ತೆ. ನೆರಳಲ್ಲಿದ್ದರೆ ಏನೂ ಆಗಲ್ಲ, ಬಟ್ಟೆಗಾದರೂ ಆಗಲ್ಲ. ಮೈಗೆ ಹಾಕೋದಾದರೆ ಆ ಅಂಶ ತೆಗೆದ ಎಣ್ಣೆಯೇ ಬೇಕು. ನಾನು ಅದನ್ನೇ ತರಿಸಿದೆ. ಅತ್ತೆ ಮುಚ್ಚಳ ತೆಗೆದು ಮೂಸಿ, "ಹಲ್ಲು ಕಿತ್ತ ಎಣ್ಣೆ" ಅಂದರು. ನಾನು ಕಾರಣ ಹೇಳಿದೆ. "ಆಯ್ತು ತಾಯಿ, ನಿನ್ನಿಷ್ಟ" ಅಂದರು. ಅಷ್ಟು ಸಲೀಸಾಗಿ ಅವರು ಯಾವತ್ತಾದರೂ ಒಪ್ಪಿದ್ದುಂಟಾ? ನನಗೆ ಅವತ್ತೇ ಅನುಮಾನ ಬರಬೇಕಿತ್ತು, ಆ ಎಣ್ಣೆ ಅಳೆದು ಬೆರೆಸೋದು ಅವರ ಪಾಲಿನ ಕೆಲಸ.

ಹೊಸ ಸೆಂಟು ಯಾವುದೇ ಇರಲಿ, ಮಾರೋ ಮೊದಲು ಮನೆಯವರೊಬ್ಬರು ಇಡೀ ದಿನ ಹಾಕಿಕೊಂಡು ಓಡಾಡಬೇಕು, ಸಂಜೆ ಉಳಿದವರೆಲ್ಲ ಮೂಸಿ ನೋಡಬೇಕು. ಅದು ನಮ್ಮ ಮನೆಯ ಕ್ರಮ. ಈ ಸಲ ಗುಬ್ಬಿ ತಾನೇ ಬಂದು ಕತ್ತು ಕೊಟ್ಟಳು. ಕಿವಿ ಹಿಂದೆ, ಕತ್ತಿಗೆ ಧಾರಾಳವಾಗಿ ಹಚ್ಚಿದವಳು ನಾನೇ. ಅವತ್ತು ಅವಳಿಗೆ ಬಯಲಲ್ಲಿ ಪಂದ್ಯ, ಬೆಳಗಿಂದ ಸಂಜೆವರೆಗೆ ಬಿಸಿಲು. ಬಂದಾಗ ಘಮಘಮ ಅಂತಿದ್ದಳು. ಎಲ್ಲರೂ ಮೂಸಿ ಮೂಸಿ ಖುಷಿಪಟ್ಟೆವು.

ಮಾರನೇ ದಿನ ಕತ್ತು ಕೆಂಪಾಯ್ತು. ಅದರ ಮರುದಿನ ಗುಳ್ಳೆ ಎದ್ದವು. ಗುಳ್ಳೆ ಒಣಗಿದ ಮೇಲೆ ಕಿವಿಯಿಂದ ಹೆಗಲವರೆಗೆ ಎಣ್ಣೆ ಇಳಿದ ದಾರಿಯಲ್ಲೆಲ್ಲ ಕಂದು ಗೆರೆ ಉಳಿದುಬಿಟ್ಟವು, ಯಾರೋ ಡಿಕಾಕ್ಷನ್ ಚೆಲ್ಲಿದ ಹಾಗೆ. ಆ ಹುಡುಗಿ ಕನ್ನಡಿ ಮುಂದೆ ನಿಂತು ಅತ್ತ ಅಳು ಇನ್ನೂ ನನ್ನ ಕಿವಿಯಲ್ಲಿದೆ. ಆಮೇಲೆ ಸ್ಕಾರ್ಫ್ ಸುತ್ತಿಕೊಳ್ಳೋಕೆ ಶುರು ಮಾಡಿದಳು. ಓಡೋಕೆ ಹೋಗೋದು ಬಿಟ್ಟಳು.

ಅತ್ತೆ ಒಂದೇ ಮಾತು ಹೇಳಿದ್ದು. "ಲ್ಯಾಬಿಂದು ಮೈಗೆ ಹಾಕಬೇಡ ಅಂತ ಬಡ್ಕೊಂಡೆ. ಕೇಳಿದ್ಯಾ?"

ಕಸ್ತೂರಿ ಹೀಗೆ ಸುಡಲ್ಲ, ಹೀಗೆ ಸುಡೋದು ಹಸಿ ಎಣ್ಣೆ. ಕೆಳಗೆ ಹೋಗಿ ಕಪಾಟು ತೆಗೆದು ನೋಡಿದೆ. ನಾನು ತರಿಸಿದ ಎಣ್ಣೆಯ ಡಬ್ಬಿ ತುಂಬಿದ್ದದ್ದು ತುಂಬಿದ ಹಾಗೇ ಇದೆ. ಅತ್ತೆಯ ಹಸಿ ಎಣ್ಣೆಯ ಸೀಸೆ ಅರ್ಧಕ್ಕಿಳಿದಿದೆ. ಎರಡನ್ನೂ ಎತ್ತಿಕೊಂಡು ಮೇಲೆ ಬಂದು ಅವರ ಮುಂದೆ ಕುಕ್ಕಿದೆ.

"ಹೌದು, ಹಾಕ್ದೆ. ಏನೀಗ?" ಅಂದರು. "ಹಣ್ಣಿನ ಎಣ್ಣೆ ಸುಡತ್ತಾ? ಹಣ್ಣು ಕಣೇ ಅದು, ಬೆಂಕಿ ಅಲ್ಲ. ನಾನು ಹುಡುಗಿಯಾಗಿದ್ದಾಗಿಂದ ಇದನ್ನ ಬೆರೆಸ್ತಿದೀನಿ."

"ಬಟ್ಟೆಗೆ ಬೆರೆಸಿದ್ದೀರಿ ಅತ್ತೆ. ಮೈಗಲ್ಲ."

"ಕೆಮಿಕಲ್ ಹಾಕಿದೋಳು ನೀನು, ತಪ್ಪು ನನ್ನ ಹಣ್ಣಿಂದಾ? ಚೆನ್ನಾಗಿದೆ!"

ಬೆಣ್ಣೆ ನೆಲ ನೋಡುತ್ತಾ ನಿಂತಿದ್ದರು. ಗುಬ್ಬಿ ಸ್ಕಾರ್ಫ್ ಹಿಡಿದುಕೊಂಡು ನನ್ನನ್ನೇ ನೋಡಿದಳು. "ಅಮ್ಮಾ, ಕತ್ತಿಗೆ ಹಚ್ಚಿದ್ದು ನೀನು. ಕಸ್ತೂರಿ ನಿಂದು. ಒಂದ್ಸಲ, ಒಂದೇ ಒಂದ್ಸಲ, ನಂದು ತಪ್ಪಾಯ್ತು ಅನ್ನೋಕೆ ಆಗಲ್ವಾ ನಿಂಗೆ? ಅಜ್ಜಿ ಮೇಲೆ ಯಾಕೆ ಹಾಕ್ತೀಯ?"

ಯಾರು ಏನೇ ಅಂದಿದ್ದರೂ ನಾನು ತಿರುಗಿ ನಾಲ್ಕು ಮಾತು ಆಡ್ತಿದ್ದೆ. ಆದರೆ ಅಂದದ್ದು ಹೆತ್ತ ಮಗಳು. ನನಗೆ ಬೇಕಾಗಿದ್ದದ್ದು ಅದೊಂದೇ: ಅವಳು ನನ್ನ ಮಾತು ನಂಬಬೇಕು. ಮೇಜು ಹಾಳಾಗಿ ಹೋಗಲಿ, ಸೆಂಟು ಹಾಳಾಗಿ ಹೋಗಲಿ. ನನ್ನ ಮಗಳ ಕತ್ತು ಸುಟ್ಟಿದ್ದು ನಾನಲ್ಲ ಅನ್ನೋದು ಅವಳಿಗೆ ಗೊತ್ತಾಗಬೇಕಿತ್ತು.

ಅದಕ್ಕೆ ದಾರಿ ಹುಡುಕಿದ್ದೂ ಅತ್ತೆಯೇ. "ಮಾತ್ಯಾಕೆ? ನೋಡೇಬಿಡೋಣ. ಬಿಸಿಲಲ್ಲಿ ನಾನು ಕೂತ್ಕೋತೀನಿ. ಒಂದು ಕೈಗೆ ನಂದು, ಒಂದು ಕೈಗೆ ಅವಳದ್ದು."

"ಬೇಡ ಅತ್ತೆ" ಅಂದೆ. "ನಿಮ್ಮ ಚರ್ಮ ಈರುಳ್ಳಿ ಸಿಪ್ಪೆ ಹಾಗಿದೆ, ಮೇಲೆ ಶುಗರ್ ಬೇರೆ. ಒಂದು ಗಾಯ ಆದ್ರೆ ವಾಸಿಯಾಗಲ್ಲ ನಿಮ್ಗೆ. ನಿಮ್ಮ ಕಾಲಿಗೆ ಬೀಳ್ತೀನಿ."

"ನೋಡಿದ್ಯಾ ಗುಬ್ಬಿ, ಹೇಗೆ ಹೆದರ್ತಾಳೆ!"

ನಾನು ಸೀಸೆ ಕಿತ್ತುಕೊಂಡೆ. ಬೆಣ್ಣೆ ಬಂದು ನನ್ನ ಕೈ ಹಿಡಿದು, "ಹೋಗ್ಲಿ ಬಿಡೇ, ಒಂದ್ಸಲ ಆಗ್ಲಿ. ಮನೆಗೊಂದು ನೆಮ್ಮದಿ ಸಿಗ್ಲಿ" ಅಂದರು. ಅವರ ನೆಮ್ಮದಿಗಿಷ್ಟು ಬೆಂಕಿ ಹಾಕ. ಗುಬ್ಬಿ ಸೀಸೆ ನನ್ನ ಕೈಯಿಂದ ಬಿಡಿಸಿಕೊಂಡು, ಕಸ್ತೂರಿಯನ್ನೂ ಎತ್ತಿಕೊಂಡು ಅಜ್ಜಿಯನ್ನ ತಾರಸಿಗೆ ಕರೆದುಕೊಂಡು ಹೋದಳು. ಕುರ್ಚಿ ಹಾಕಿದಳು. ಅಜ್ಜಿಯ ತೋಳನ್ನ ತನ್ನ ಮಡಿಲಲ್ಲಿಟ್ಟುಕೊಂಡು ಮೊಣಕೈಯಿಂದ ಮಣಿಕಟ್ಟಿನವರೆಗೆ ನಿಧಾನವಾಗಿ ನೀವಿ ನೀವಿ ಹಚ್ಚಿದಳು. "ಬಲಗೈಗೆ ಎಣ್ಣೆ, ಎಡಗೈಗೆ ಕಸ್ತೂರಿ. ನೆನಪಿಟ್ಕೊಳ್ಳಿ ಎಲ್ರೂ" ಅಂದರು ಅತ್ತೆ, ಪಂದ್ಯ ಶುರುಮಾಡೋರ ಹಾಗೆ. ಮಧ್ಯಾಹ್ನವೆಲ್ಲ ಅಲ್ಲೇ ಕೂತರು. ಅಜ್ಜಿ ಮೊಮ್ಮಗಳು ಏನೇನೋ ಮಾತಾಡಿಕೊಂಡು ನಗೋದು ಕೆಳಗಿನವರೆಗೆ ಕೇಳ್ತಿತ್ತು.

ಸಂಜೆ ಎರಡೂ ತೋಳು ಸ್ವಚ್ಛವಾಗಿದ್ದವು. ಅತ್ತೆ ಅಂಗಡಿಗೇ ಇಳಿದು ಬಂದು, ಗಿರಾಕಿಗಳ ಮುಂದೆ ತೋಳು ಚಾಚಿ, "ಎಲ್ಲಿ ಸುಟ್ಟಿದೆ, ಯಾರಾದ್ರೂ ತೋರ್ಸಿ" ಅಂದರು. ಇಷ್ಟು ಬೇಗ ಕಾಣಿಸಲ್ಲ, ನಿನಗೂ ಆಮೇಲೆ ತಾನೇ ಎದ್ದಿದ್ದು ಅಂತ ಗುಬ್ಬಿಗೆ ಹೇಳೋಕೆ ಹೋದೆ. "ದಿನಕ್ಕೊಂದು ಕಾರಣ ಹುಡುಕ್ತೀಯಲ್ಲಮ್ಮ" ಅಂದಳು. ಎಡಗೈಗೆ ಹಚ್ಚಿದ ಕಸ್ತೂರಿಯೂ ಸುಡಲಿಲ್ಲವಲ್ಲ ಅನ್ನೋದನ್ನ ಒಬ್ಬರಾದರೂ ಯೋಚಿಸಿದರಾ? ಇಲ್ಲ. ಗೆದ್ದವರ ಮುಖ ನೋಡಿದ್ದೇ ನೋಡಿದ್ದು. ಅವತ್ತಿಂದ ಕಸ್ತೂರಿಯ ಕಪಾಟಿಗೆ ಬೀಗ ಬಿತ್ತು, ನನ್ನನ್ನ ಡಬ್ಬಕ್ಕೆ ಲೇಬಲ್ ಅಂಟಿಸೋ ಕಡೆ ಕಳಿಸಿದರು. ಗುಬ್ಬಿ ನನ್ನ ಜೊತೆ ಮಾತು ಬಿಟ್ಟಳು. ಊಟಕ್ಕೆ ಕರೆದರೆ ತಟ್ಟೆ ಎತ್ತಿಕೊಂಡು ಅಜ್ಜಿ ಕೋಣೆಗೆ ಹೋಗುವಳು.

ಒಂದೆರಡು ದಿನದಲ್ಲಿ ಅತ್ತೆ ಉದ್ದ ತೋಳಿನ ಸ್ವೆಟರ್ ಹಾಕಿಕೊಳ್ಳೋಕೆ ಶುರು ಮಾಡಿದರು. ಆ ಸೆಕೆಯಲ್ಲಿ!

"ಅತ್ತೆ, ತೋಳು ತೋರಿಸಿ" ಅಂದೆ.

ಎಡದ ತೋಳು ಮೇಲಕ್ಕೆ ಸರಿಸಿ, "ನೋಡ್ಕೋ" ಅಂದರು.

"ಇದಲ್ಲ, ಬಲಗೈ."

"ನಾನೇನು ಅಂಗಡಿ ಮುಂದಿನ ಬೊಂಬೆನಾ, ಬಂದೋರಿಗೆಲ್ಲ ತೋರಿಸ್ಕೊಂಡು ಕೂರೋಕೆ? ವಯಸ್ಸಾಯ್ತು, ಚಳಿ ಆಗತ್ತೆ. ಹೋಗು, ಲೇಬಲ್ ಅಂಟ್ಸು."

ಬೆಣ್ಣೆಗೆ ಹೇಳಿದೆ. ಅವರೂ ಹೋಗಿ ಕೇಳಿ, ಬೈಸಿಕೊಂಡು ಬಂದರು. ನನಗೂ ಸಾಕಾಗಿತ್ತು. ಏನಾದರೂ ಮಾಡಿಕೊಳ್ಳಲಿ, ನನಗ್ಯಾಕೆ ಅಂತ ಸುಮ್ಮನಾದೆ.

ಆಮೇಲೊಂದು ಮಧ್ಯಾಹ್ನ. ನಾನು ಲೇಬಲ್ ಅಂಟಿಸ್ತಾ ಕೂತಿದ್ದೆ, ಅತ್ತೆ ನನ್ನ ಬೆನ್ನ ಹಿಂದೆ ಹಾದುಹೋದರು. ಮಲ್ಲಿಗೆ. ಎಂಥ ಮಲ್ಲಿಗೆ ಅಂತೀರಿ! ಮೇಲೆ ಸಿಹಿ, ಅದರ ಕೆಳಗೆ ಆ ಕೊಳೆ, ದಟ್ಟವಾಗಿ, ಆಳವಾಗಿ. ಇಷ್ಟು ವರ್ಷದಲ್ಲಿ ಅಂಥದ್ದು ನಾನು ಮೂಸಿರಲಿಲ್ಲ. ಕೋಪ, ಜಗಳ ಎಲ್ಲ ಮರೆತುಹೋಯ್ತು. ನಮ್ಮ ಕಸುಬಿನವರ ಹಣೆಬರಹವೇ ಅಷ್ಟು, ಮೂಗು ಮೊದಲು, ಮಿಕ್ಕಿದ್ದೆಲ್ಲ ಆಮೇಲೆ.

"ಅತ್ತೆ, ಹಳೇ ಮಲ್ಲಿಗೆ ಎಣ್ಣೆ ತೆಗೆದ್ರಾ? ಅದ್ಭುತವಾಗಿದೆ" ಅಂದೆ.

ಅವರು ನಿಂತರು. ತಿರುಗಿ ನನ್ನ ಮುಖವನ್ನೇ ನೋಡಿದರು. ಅಷ್ಟು ಹೊತ್ತು ನೋಡಿದ್ದು ಯಾಕೆ ಅಂತ ನನಗೆ ಆಗ ಹೊಳೆಯಲಿಲ್ಲ. ಆಮೇಲೆ ನಕ್ಕರು. "ಹೂವು ಕಣೇ. ನಿನ್ನ ಲ್ಯಾಬಲ್ಲಿ ಬರತ್ತಾ ಇದು?"

"ಬರಲ್ಲ" ಅಂತ ಒಪ್ಪಿಕೊಂಡೆ. ಗುಬ್ಬಿ ಅಲ್ಲೇ ಇದ್ದಳು. ಅವಳೂ ಅಜ್ಜಿಯ ಹೆಗಲಿಗೆ ಮೂಗಿಟ್ಟು, "ಅಸಲಿ" ಅಂದಳು. ಅವತ್ತು ಮೂವರೂ ನಕ್ಕೆವು.

ಅದಾದ ಸ್ವಲ್ಪ ದಿನಕ್ಕೆ, ಗುಬ್ಬಿ ಕಾಲೇಜಿಗೆ ಹೋದ ಹೊತ್ತಲ್ಲಿ, ಅತ್ತೆ ತಕ್ಕಡಿ ಮುಂದೆ ನಿಂತವರು ಹಾಗೇ ಕುಸಿದರು. ಮೈ ಕಾದ ಬಾಣಲೆ. ಆಸ್ಪತ್ರೆಯಲ್ಲಿ ನರ್ಸು ಬಲ ತೋಳಿನ ಸ್ವೆಟರ್ ಕತ್ತರಿಸಿದಳು. ಒಳಗೆ ಬಟ್ಟೆ ಸುತ್ತಿತ್ತು. ಅದಕ್ಕೆ ಮಲ್ಲಿಗೆ ಎಣ್ಣೆ ಸುರಿದೂ ಸುರಿದೂ ಬಟ್ಟೆ ಚರ್ಮಕ್ಕೇ ಅಂಟಿಕೊಂಡಿತ್ತು. ಬಟ್ಟೆ ಬಿಚ್ಚಿದಾಗ ನರ್ಸು ಮುಖ ತಿರುಗಿಸಿದಳು. ಮೊಣಕೈ ಕೆಳಗೆ ಕಪ್ಪಾಗಿತ್ತು, ಕೀವು. ನನ್ನ ಮೂಗಿಗೆ ಬಂದದ್ದು ಅದೇ ಪರಿಮಳ, ಅದೇ, ನಾನು ಹೊಗಳಿದ್ದು. ನಾನು ಹೊರಗೆ ಓಡಿ ಗೋಡೆ ಹಿಡಿದುಕೊಂಡು ವಾಂತಿ ಮಾಡಿದೆ.

ಮೊಣಕೈಗೆ ಕತ್ತರಿಸಿದರು. ಆದರೂ ವಿಷ ಮೇಲೇರಿಬಿಟ್ಟಿತ್ತು. ಅತ್ತೆಗೆ ಎಚ್ಚರ ಬಂದಾಗ ಹತ್ತಿರ ಇದ್ದದ್ದು ನಾನೊಬ್ಬಳೇ.

"ಯಾಕೆ ಅತ್ತೆ? ಒಂದು ಮಾತು ಹೇಳಬಾರದಿತ್ತಾ?"

"ತೋರಿಸಿದ್ರೆ ನೀನು ಗೆಲ್ತಿದ್ದೆ" ಅಂದರು. ಸಾಯೋ ಹೊತ್ತಲ್ಲೂ ಅದೇ ಕೊಬ್ಬು. ನನಗೆ ಬೈಬೇಕು ಅನಿಸಿತು, ಅಳು ಬಂತು. ಅವರೇ ಮತ್ತೆ ಶುರು ಮಾಡಿದರು. "ಅದೊಂದೇ ಅಲ್ಲ ಕಣೇ. ಹಚ್ಚಿದ್ದು ಗುಬ್ಬಿ. ಎಷ್ಟು ಪ್ರೀತಿಯಿಂದ ಹಚ್ಚಿತು ಮಗು. ಅದರ ಕೈಯಿಂದ ಹೀಗಾಯ್ತು ಅಂತ ಗೊತ್ತಾಗಬಾರದು. ಹೇಳಬೇಡ. ಆಣೆ ಮಾಡು."

ಆಣೆ ಮಾಡಿದೆ. ಅವರ ಬಲಗೈ ಹಿಡಿಯೋಕೆ ಹೋಗಿ, ಇಲ್ಲ ಅನ್ನೋದು ನೆನಪಾಗಿ, ಎಡಗೈ ಹಿಡಿದುಕೊಂಡೆ. ಅದರ ಮೇಲೆ ಒಂದು ಕಲೆ ಇರಲಿಲ್ಲ. ಬೆಳಕು ಹರಿಯೋದರೊಳಗೆ ಹೋಗಿಬಿಟ್ಟರು.

ಗುಬ್ಬಿಗೂ ಬೆಣ್ಣೆಗೂ ಒಂದೇ ಸುಳ್ಳು ಹೇಳಿದೆ: ಸೀಸೆ ಒಡೆದು ಗಾಜು ಚುಚ್ಚಿತ್ತು, ಶುಗರ್ ಇದ್ದದ್ದರಿಂದ ಕೊಳೆಯಿತು. ಗುಬ್ಬಿ ನಂಬಿದಳು. ನನ್ನ ಸುಳ್ಳನ್ನ ಎಷ್ಟು ಬೇಗ ನಂಬಿದಳು ನೋಡಿ. ನಿಜ ಹೇಳಿದಾಗ ಮಾತ್ರ ನಂಬಲಿಲ್ಲ. ಕತ್ತಿನ ಗೆರೆ ಹಾಗೇ ಇದ್ದವು, ನನ್ನ ಮೇಲಿನ ಮುನಿಸೂ ಹಾಗೇ ಇತ್ತು. ಇರಲಿ, ಹೊತ್ತುಕೊಳ್ತೀನಿ ಅಂದುಕೊಂಡೆ. ತಾಯಿ ಮೇಲೆ ಮುನಿಸಿಕೊಂಡು ಬದುಕಬಹುದು. ಅಜ್ಜಿಯನ್ನ ಕೊಂದೆ ಅಂದುಕೊಂಡು ಹೇಗೆ ಬದುಕೋದು? ಅತ್ತೆಯ ಕಪಾಟಿನ ಬೀಗದಕೈ ಮಾತ್ರ ನನ್ನ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಅಲ್ಲೇ ನಾನು ಕೆಟ್ಟೆ. ಒಳಗಿದ್ದ ಹಸಿ ಎಣ್ಣೆಯ ಸೀಸೆಯನ್ನ ಅವತ್ತೇ ಚೆಲ್ಲಬೇಕಿತ್ತು. ಅವರ ಕೈಬರಹದ ಲೇಬಲ್ ಇತ್ತು ಅದರ ಮೇಲೆ, ಮನಸ್ಸು ಬರಲಿಲ್ಲ.

ನಿನ್ನೆ ಬೆಳಗ್ಗೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಸದ್ದಾಯ್ತು. ಹೋಗಿ ನೋಡಿದರೆ ಗುಬ್ಬಿ ಮೇಜಿನ ಮುಂದೆ ನಿಂತಿದ್ದಾಳೆ, ಅಜ್ಜಿಯ ಜಾಗದಲ್ಲಿ. ಎರಡೂ ಕಪಾಟಿನ ಬೀಗ ಒಡೆದಿದೆ. ಕಸ್ತೂರಿಯ ಡಬ್ಬಗಳೆಲ್ಲ ಬಾಯಿ ತೆರೆದುಕೊಂಡು ಸಿಂಕಿನಲ್ಲಿ ಬಿದ್ದಿವೆ, ಖಾಲಿ. ಹಸಿ ಬರ್ಗಮಾಟ್ ಸೀಸೆ ಅವಳ ಎದುರಿಗೆ.

"ಅಜ್ಜಿ ಸೆಂಟು ನಾನು ಮಾಡ್ತೀನಿ" ಅಂದಳು, ನನ್ನ ಕಡೆ ನೋಡದೆ. ಅಷ್ಟು ದಿನಕ್ಕೆ ಅವಳು ನನ್ನ ಹತ್ತಿರ ಆಡಿದ ಮೊದಲ ಮಾತು. "ಅವರು ಹೇಳ್ತಿದ್ದ ಹಾಗೆ. ಬರೀ ಹಣ್ಣು, ಬರೀ ಹೂವು. ಮೊದಲು ನಾನೇ ಹಾಕ್ಕೊಂಡು ನೋಡ್ತೀನಿ." ಬಲಗೈಯ ತೋಳು ಮಡಚಿದ್ದಳು. ಮಣಿಕಟ್ಟಿನಿಂದ ಮೊಣಕೈವರೆಗೆ ಎಣ್ಣೆ ಹೊಳೆಯುತ್ತಿತ್ತು. ಕಿಟಕಿಯ ಬಿಸಿಲು ಮೇಜಿನ ಅಂಚಿಗೆ ಬಂದಿತ್ತು.

"ಕೈ ತೊಳ್ಕೋ ಗುಬ್ಬಿ."

"ಯಾಕೆ?"

"ಮೊದಲು ತೊಳ್ಕೋ. ಸೋಪು ಹಾಕಿ ತೊಳ್ಕೋ."

"ಯಾಕೆ ಅಂತ ಹೇಳು."

ಬೇರೆ ಏನಾದರೂ ಹೇಳಬಹುದಿತ್ತು, ಹೌದು. ಹಳಸಿದೆ ಅನ್ನಬಹುದಿತ್ತು. ಆದರೆ ಅವಳು ನಾಳೆ ಹೊಸದು ತರಿಸ್ತಾಳೆ, ನಾಡಿದ್ದು ಯಾರದ್ದೋ ಮಗುವಿನ ಕತ್ತಿಗೆ ಹಚ್ಚಿ ಬಿಸಿಲಿಗೆ ಕಳಿಸ್ತಾಳೆ. ಆಣೆ ಮುರಿದೆ. ಗಾಜು ಚುಚ್ಚಿದ್ದು ಸುಳ್ಳು ಅಂದೆ. ಸ್ವೆಟರ್, ಸುತ್ತಿದ್ದ ಬಟ್ಟೆ, ಬಲಗೈಯನ್ನೇ ಕತ್ತರಿಸಿದ್ದು ಯಾಕೆ, ಎಲ್ಲಾ ಹೇಳಿದೆ. ಅಜ್ಜಿ ಏನು ಬೇಡಿಕೊಂಡರು ಅನ್ನೋದನ್ನೂ ಹೇಳಿದೆ. ಅವಳು ನನ್ನ ಮಾತು ನಂಬಬೇಕು ಅಂತ ಎಷ್ಟು ಹಂಬಲಿಸಿದ್ದೆ ನಾನು. ನಂಬಿದಳು. ಅವಳ ಮುಖ ನೋಡುತ್ತಾ, ನಂಬದೇ ಇದ್ದಿದ್ದರೆ ಚೆನ್ನಾಗಿತ್ತು ದೇವರೇ ಅನಿಸಿತು.

ಸೀಸೆಯ ಮುಚ್ಚಳ ಹಾಕಿ ಕೇಳಿದಳು. "ಅಮ್ಮಾ, ನಿಂಗೆ ವಾಸನೆ ಬರ್ಲಿಲ್ವಾ?"

"ಬಂತು."

"ಮತ್ತೆ?"

"ಮಲ್ಲಿಗೆ ಅಂದ್ಕೊಂಡೆ."

ಅವಳು ತಲೆಯಾಡಿಸಿದಳು. "ನಾನೂ" ಅಂದಳು.

ಸಿಂಕಿನ ಹತ್ತಿರ ಹೋಗಿ ನಲ್ಲಿ ತಿರುಗಿಸಿದಳು. ಸೋಪು ಹಚ್ಚಿ ಉಜ್ಜಿದಳು, ತೊಳೆದಳು, ಮತ್ತೆ ಸೋಪು ಹಚ್ಚಿದಳು. ಎಣ್ಣೆ ಇದ್ದದ್ದು ಬಲಗೈಗೆ ಮಾತ್ರ. ಅವಳು ಎರಡೂ ಅಂಗೈ ಉಜ್ಜುತ್ತಿದ್ದಳು, ಕೆಂಪಾಗೋವರೆಗೆ ಉಜ್ಜುತ್ತಿದ್ದಳು, ನಿಲ್ಲಿಸಲೇ ಇಲ್ಲ. ಕೊನೆಗೆ ನಾನೇ ಹೋಗಿ ನಲ್ಲಿ ನಿಲ್ಲಿಸಿ, ಆ ಒದ್ದೆ ಕೈಗಳನ್ನ ನನ್ನ ಸೆರಗಿನಲ್ಲಿ ಹಿಡಿದುಕೊಂಡೆ.